ಕಡಿಮೆ ಬಿದ್ದ ಹನ್ನೊಂದು ಕುದುರೆ

ಬಾರಿತ್ಸೆ,
8 ಏಪ್ರಿಲ್ 1981, ಬುಧವಾರ

ಪ್ರೀತಿಯ ತಾಸಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಗಾಜಿನಾಚೆ ಕೂತು ನೀನು ಕೆಮ್ಮನ್ನು ನುಂಗಿಕೊಳ್ಳುತ್ತಿದ್ದುದು ನನಗೆ ಕಾಣಲಿಲ್ಲ ಅಂದುಕೊಳ್ಳಬೇಡ. ಕತ್ತಿನ ನರ ಉಬ್ಬಿ ನಿಂತಿತ್ತು. ಉಣ್ಣೆಯ ಕಾಲುಚೀಲ ಕೈಗೆ ಸೇರಿತೋ ಇಲ್ಲವೋ ಒಂದು ಸಾಲು ಬರೆ. ರೊಟ್ಟಿಯನ್ನು ಅವರು ನನ್ನ ಕಣ್ಣೆದುರೇ ಚಾಕುವಿನಿಂದ ನಾಲ್ಕು ಕಡೆ ಸೀಳಿ ನೋಡಿದರು. ನೋಡಿಕೊಳ್ಳಲಿ, ಒಳಗೆ ಹಿಟ್ಟು ಬಿಟ್ಟರೆ ಇನ್ನೇನಿತ್ತು? ಹೊಗೆಯಾಡಿಸಿದ ಮಾಂಸವನ್ನು ಒಂದೇ ದಿನ ಹಂಚಿ ಮುಗಿಸಬೇಡ, ನಿನ್ನ ಧಾರಾಳತನ ನನಗೆ ಗೊತ್ತು. ಮಂಡಿಗೆ ರಾತ್ರಿ ಟವೆಲ್ ಸುತ್ತಿಕೊಂಡು ಮಲಗು. ಈ ಕಾಗದವನ್ನು ಜೈಲಿನವರು ಓದಿದ ಮೇಲೇ ನಿನಗೆ ಕೊಡುತ್ತಾರೆ ಎಂದು ವಕೀಲರು ಹೇಳಿದ್ದಾರೆ. ಓದಲಿ. ಈ ಊರಲ್ಲಿ ನಮ್ಮ ಮನೆಯ ಯಾವ ಸಂಗತಿ ತಾನೇ ಈಗ ಮುಚ್ಚಿಟ್ಟಿದೆ.

ಇಲ್ಲಿ ನೀರು ಇಳಿದಿದೆ. ಕೆಳಗಿನ ಬೀದಿಯ ಗೋಡೆಗಳ ಮೇಲೆಲ್ಲ ಸೊಂಟದ ಎತ್ತರಕ್ಕೆ ಒಂದು ಕಂದು ಗೆರೆ ಉಳಿದಿದೆ. ನಮ್ಮ ಮನೆಯಲ್ಲಿ ಎರಡು ಬೆರಳಿನಷ್ಟೇ ಬಂದಿತ್ತು, ಆದರೂ ಹಲಗೆ ನೆಲವೆಲ್ಲ ಉಬ್ಬಿ, ನಡೆದರೆ ದೋಣಿಯ ಮೇಲೆ ನಡೆದಂತಾಗುತ್ತದೆ. ಆಲೂಗಡ್ಡೆ ಕೊಳೆಯಿತು. ಸೋಫ್ಕಾಳನ್ನು ನಿನ್ನ ಅಕ್ಕನ ಮನೆಗೆ ಕಳಿಸಿದ್ದೇನೆ. ಶಾಲೆಯಲ್ಲಿ ಯಾವುದೋ ಹುಡುಗಿ ಅವಳ ಪಕ್ಕ ಕೂರಲು ಒಪ್ಪಲಿಲ್ಲವಂತೆ. ಮನೆಗೆ ಬಂದು ಕೇಳಿದಳು, “ಅಮ್ಮಾ, ಅಪ್ಪ ನಿದ್ದೆ ಮಾಡ್ಬಿಟ್ನಾ?” ಏಳು ವರ್ಷದ ಮಗುವಿಗೆ ಯಾರು ಹಾಗೆ ಹೇಳಿಕೊಟ್ಟರೋ. ಅಪ್ಪ ಎರಡು ದಿನ ಕಣ್ಣು ಮುಚ್ಚಲಿಲ್ಲ ಕಣೇ ಎಂದೆ. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ಹಲ್ಲು ಬಿದ್ದಿದೆ, ನಿನಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟುಕೊಂಡಿದ್ದಾಳೆ.

ಈಲ್ಕಾ ಅಜ್ಜಿಯನ್ನು ಮಣ್ಣು ಮಾಡಿದ್ದು ಇಲ್ಲಿ ಅಲ್ಲ. ನಮ್ಮ ಸ್ಮಶಾನದಲ್ಲಿ ಗುಂಡಿ ತೋಡಿದರೆ ಒಂದು ಗುದ್ದಲಿಗೇ ನೀರು ಬರುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಪೆಟ್ಟಿಗೆ ಇಟ್ಟು ಅವಳ ತಂಗಿಯ ಊರಿಗೆ ಒಯ್ದರು. ನಾನೂ ಹೋಗಿದ್ದೆ, ದೂರ ನಿಂತಿದ್ದೆ. ನೀರು ಬಂದ ವಾರ, ಮಂಗಳವಾರ ಬೆಳಿಗ್ಗೆ ಕೆಳಗಿನ ಬೀದಿಯ ಅವಳ ಮನೆಯ ಹಿಂಗೋಡೆ ಕುಸಿದಾಗ ಆಂದ್ರಾಶ್ ಅಮ್ಮನನ್ನು ಹೊತ್ತೊಯ್ಯಲು ಗಾಡಿ ತರಲು ಹೋಗಿದ್ದನಂತೆ. ಮಣ್ಣಿನ ಗೋಡೆ ತಾಸಾ, ಎರಡು ದಿನ ನೀರಲ್ಲಿ ನಿಂತರೆ ನೆನೆದ ರೊಟ್ಟಿಯಂತೆ ಆಗಿಬಿಡುತ್ತದೆ. ಸೊಂಟ ಮುರಿದು ಹಾಸಿಗೆ ಹಿಡಿದ ಮುದುಕಿ ಎದ್ದು ಓಡುವುದಾದರೂ ಎಲ್ಲಿಗೆ? ಹೋದ ಕ್ರಿಸ್‌ಮಸ್ಸಿಗೆ ಅವಳೇ ಮಲಗಿದ್ದಲ್ಲಿಂದ ಹೇಳಿಕೊಟ್ಟು ಗಸಗಸೆಯ ಸುರುಳಿ ಮಾಡಿಸಿ ನಮಗೆ ಕಳಿಸಿದ್ದಳು. ಸೋಫ್ಕಾಳಿಗೆ ಹಂಗೇರಿಯನ್ ಭಾಷೆಯಲ್ಲಿ ಇಪ್ಪತ್ತರವರೆಗೆ ಎಣಿಸಲು ಕಲಿಸಿದವಳೂ ಅವಳೇ. ಮಣ್ಣು ಹಾಕಿ ಮುಗಿದ ಮೇಲೆ ಆಂದ್ರಾಶ್ ನನ್ನ ಹತ್ತಿರ ಬಂದ. ಬಯ್ಯುತ್ತಾನೆ, ಬಯ್ಯಲಿ ಎಂದುಕೊಂಡು ತಲೆ ತಗ್ಗಿಸಿದೆ. “ರಾದಿಂಕಾ, ತಾಸಾನ ಮೇಲೆ ನನಗಿನ್ನೂ ಸಿಟ್ಟು ಬಂದಿಲ್ಲ. ಬರ್ಲಿ ಅಂತ ಕಾಯ್ತಾ ಇದೀನಿ. ಸಿಟ್ಟು ಬಂದ್ರೆ ಅಳು ನಿಲ್ಲುತ್ತೇನೋ” ಅಂದ. ಬೈಗುಳವಾದರೂ ತಿನ್ನಬಹುದಿತ್ತು, ಇದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ನಿನ್ನ ಮೇಲಿನ ದೂರಿನ ಪ್ರತಿಯನ್ನು ವಕೀಲರು ಓದಿ ಹೇಳಿದರು. ಅದರ ತಿರುಳೆಲ್ಲ ಇಪ್ಪತ್ತೈದು ನಿಮಿಷ. ಮಾರ್ಚ್ ಹದಿನೈದು, ಭಾನುವಾರ ಮಧ್ಯಾಹ್ನ, ಪಂಪ್‌ಮನೆಯ ಮೇಲ್ವಿಚಾರಕ ತನಾಸಿಯೆ, ಅಂದರೆ ನೀನು, ಇಪ್ಪತ್ತೈದು ನಿಮಿಷ ಜಾಗದಲ್ಲಿರಲಿಲ್ಲ, ಅಷ್ಟರಲ್ಲಿ ಮೋಟಾರು ಸುಟ್ಟಿತು, ಕಾಲುವೆಯ ನೀರನ್ನು ನದಿಗೆ ಎತ್ತಿ ಹಾಕುವ ಪಂಪು ನಿಂತಿತು, ಕಾಲುವೆ ಉಕ್ಕಿತು, ಒಂದು ಜೀವ ಹೋಯಿತು. ಆ ಇಪ್ಪತ್ತೈದು ನಿಮಿಷ ನೀನು ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ಸೂಪು ಕುಡಿಯುತ್ತಿದ್ದೆ. ಕರೆಕಳಿಸಿದವಳು ನಾನು. ಶುಕ್ರವಾರದಿಂದ ಬಿಸಿ ಅನ್ನುವುದೊಂದು ನಿನ್ನ ಹೊಟ್ಟೆಗೆ ಬಿದ್ದಿರಲಿಲ್ಲ. ನೀನು ಚಮಚ ಹಿಡಿದ ಕೈಯನ್ನೇ ನೋಡುತ್ತಾ, “ಆ ಮೋಟಾರಿನ ಮೈ ಮೇಲೆ ಕೈ ಇಡಕ್ಕಾಗ್ತಿಲ್ಲ ಕಣೇ, ಒದ್ದೆ ಗೋಣಿ ಹಾಕಿದ್ರೆ ಹಬೆ ಏಳುತ್ತೆ” ಅಂದೆ. ಎರಡು ಸಲ ನೀರಾವರಿ ಕಚೇರಿಗೆ ಫೋನ್ ಮಾಡಿ ಅರ್ಧ ಗಂಟೆ ನಿಲ್ಲಿಸಲೇ ಎಂದು ಕೇಳಿದ್ದೆಯಂತೆ. ನದಿ ಏರುತ್ತಿದೆ, ನಿಲ್ಲಿಸಬೇಡ, ರಿಲೇ ಇದೆಯಲ್ಲ, ಕರೆಂಟು ಹೆಚ್ಚಾದರೆ ಅದೇ ನಿಲ್ಲಿಸುತ್ತದೆ ಎಂದರಂತೆ. ರಿಲೇ ನಿಲ್ಲಿಸಲೇ ಇಲ್ಲ. ನೀನು ಹಿಂತಿರುಗುವಷ್ಟರಲ್ಲಿ ಕಿಟಕಿಯಿಂದ ಹೊಗೆ ಬರುತ್ತಿತ್ತು.

ಆ ಮೋಟಾರು ನಿನಗೆ ಹೇಗೆ ಬಂತೆಂದು ವಕೀಲರು ನನ್ನಿಂದ ಮೊದಲಿಂದ ಬರೆಸಿಕೊಂಡರು. ಹಾಗಾಗಿ ನಾಲ್ಕೈದು ದಿನದಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಹಳೆಯ ಮೋಟಾರು ಹೋದ ಬೇಸಿಗೆಯಲ್ಲಿ ಕೆಟ್ಟಿತು. ಅದು ನಲವತ್ತು ಕುದುರೆಯದು, ಅಂದರೆ ನಲವತ್ತು ಅಶ್ವಶಕ್ತಿ. ಬದಲಿಗೆ ಮೂವತ್ತು ಕಿಲೋವ್ಯಾಟಿನದು ಬೇಕೆಂದು ಕಚೇರಿಯವರು ಬರೆದರು, ಯಾಕೆಂದರೆ ಈಗ ಎಲ್ಲವೂ ಕಿಲೋವ್ಯಾಟಿನಲ್ಲೇ ಇರಬೇಕೆಂದು ಹೊಸ ಕಾನೂನು. ಮೋಟಾರುಗಳ ಮೇಲೆ ಕುದುರೆ ಎಂದು ಬರೆದ ಫಲಕಗಳನ್ನೆಲ್ಲ ಬದಲಿಸಬೇಕು. ಹೊಸ ಮೋಟಾರಿಗೆ ಎಂಟು ತಿಂಗಳು ಕಾಯಬೇಕಿತ್ತು. ಆಗ ನೀನು ನಮ್ಮಪ್ಪನ ಹತ್ತಿರ ಹೋದೆ. ಐದು ವರ್ಷ ನೀವಿಬ್ಬರೂ ಮಾತಾಡಿರಲಿಲ್ಲ. ಪಂಪ್‌ಮನೆಯ ಕೆಲಸವನ್ನು ಪಟ್ಟಣದ ಅಂಗಡಿಗೆ ಕೊಟ್ಟು, “ಮಾವನ ಕಣ್ಣು ಮಂಜಾಗಿದೆ, ತಂತಿ ಎಣಿಸೋದು ಅವರಿಂದಾಗಲ್ಲ” ಎಂದು ನೀನು ಹತ್ತು ಜನರೆದುರು ಅಂದದ್ದನ್ನು ಅಪ್ಪ ಮರೆತಿರಲಿಲ್ಲ. ನಲವತ್ತು ವರ್ಷ ಮೋಟಾರಿಗೆ ತಂತಿ ಸುತ್ತಿದ ಗಾವ್ರಾ ಮೇಸ್ತ್ರಿಗೆ ಕಣ್ಣು ಕಾಣುವುದಿಲ್ಲ ಅನ್ನುವುದೂ ಒಂದೇ, ಗಂಡಸೇ ಅಲ್ಲ ಅನ್ನುವುದೂ ಒಂದೇ. ಐದು ಈಸ್ಟರು ನಾನು ಎರಡು ಮೇಜು ಹಾಕಿದೆ, ಬೆಳಿಗ್ಗೆ ಅವನ ಮನೆಯಲ್ಲಿ, ಮಧ್ಯಾಹ್ನ ನಮ್ಮ ಮನೆಯಲ್ಲಿ. ಅಂಥದ್ದರಲ್ಲಿ ನೀನು ಟೋಪಿ ಕೈಯಲ್ಲಿ ಹಿಡಿದು ಅವನ ಬಾಗಿಲಿಗೆ ಹೋದೆ. ಹದಿನೈದು ದಿನದಲ್ಲಿ ಅಪ್ಪ ಮುಚ್ಚಿಹೋದ ಹಿಟ್ಟಿನ ಗಿರಣಿಯೊಂದರಿಂದ ಮೋಟಾರು ಹೊರಿಸಿಕೊಂಡು ಬಂದ. “ಅಳಿಯಂಗೆ ಹೇಳು, ಮೂವತ್ತರದು ಸಿಕ್ತು ಅಂತ. ಪಟ್ಟಣದವರು ಎಂಟು ತಿಂಗಳು ಕೇಳಿದ್ರು, ಕುರುಡ ಎರಡು ವಾರದಲ್ಲಿ ತಂದ ಅಂತ ಹೇಳು” ಎಂದ. ಐದು ವರ್ಷದ ಮೇಲೆ ಅವನ ಬಾಯಿಂದ ಅಳಿಯ ಅನ್ನುವ ಮಾತು ಕೇಳಿದ್ದು ಆವತ್ತೇ.

ಹೋದ ಶುಕ್ರವಾರ ನ್ಯಾಯಾಲಯದಿಂದ ನೇಮಿಸಿದ ಎಂಜಿನಿಯರು ಪಂಪ್‌ಮನೆಗೆ ಬಂದರು. ಸುಟ್ಟ ಮೋಟಾರನ್ನು ಬಿಚ್ಚಿ ನೋಡಬೇಕು, ದುರಸ್ತಿ ಮಾಡಿದವರು ಎದುರಿಗಿರಬೇಕು ಎಂದು ಅಪ್ಪನನ್ನು ಕರೆಸಿದ್ದರು. ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಎಂಜಿನಿಯರು ನಿನಗಿಂತ ಚಿಕ್ಕವರು, ಕೆಟ್ಟವರಲ್ಲ, ಬೂಟಿಗೆ ಕೆಸರು ಮೆತ್ತಿಕೊಂಡರೂ ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಒಂದೇ ಗೊಂದಲವಿತ್ತು. ಫಲಕದಲ್ಲಿ ಮೂವತ್ತು ಕಿಲೋವ್ಯಾಟ್ ಅಂತಿದೆ, ಅದಕ್ಕೆ ತಕ್ಕಂತೆ ರಿಲೇಯನ್ನು ಐವತ್ತೇಳು ಆಂಪಿಯರಿಗೆ ಇಟ್ಟಿದ್ದಾರೆ, ಎಲ್ಲ ಸರಿಯಾಗಿದೆ, ಹಾಗಿದ್ದ ಮೇಲೆ ಮೋಟಾರು ಸುಟ್ಟದ್ದು ಹೇಗೆ? ನೀನು ರಿಲೇಯ ಗುಂಡಿಯನ್ನು ಅದುಮಿ ಹಿಡಿದು ಕಡ್ಡಿ ಸಿಕ್ಕಿಸಿದ್ದೆಯೋ ಏನೋ ಎಂಬ ಅನುಮಾನ ಅವರಿಗೆ. ಮುಚ್ಚಳ ತೆಗೆದಾಗ ಬಂದ ಆ ವಾಸನೆ ನಿನಗೆ ಗೊತ್ತು, ಸುಟ್ಟ ವಾರ್ನಿಷಿನದು, ನಾನು ಅದರಲ್ಲೇ ಹುಟ್ಟಿ ಬೆಳೆದವಳು, ಆದರೆ ಆವತ್ತು ಅಲ್ಲಿ ನಿಲ್ಲಲಾಗದೆ ಹೊರಗೆ ಹೋದೆ. ತಿರುಗಿ ಬಂದಾಗ ಅಪ್ಪ ಮಂಡಿಯೂರಿ ಕೂತು ಬಲಗೈಯನ್ನು ಮೊಣಕೈವರೆಗೆ ಮೋಟಾರಿನೊಳಗೆ ಹಾಕಿದ್ದ. ಬೆರಳಿನಿಂದ ಉದ್ದ ಅಳೆದ. ಮತ್ತೆ ಅಡ್ಡ ಅಳೆದ. ಒಂದು ತಂತಿ ಕಿತ್ತು ಉಗುರಿನಿಂದ ಮಸಿ ಕೆರೆದು ತುಟಿಗಳ ನಡುವೆ ಇಟ್ಟು ದಪ್ಪ ನೋಡಿದ. ಮತ್ತೆ ಕೈ ಹಾಕಿ ತಂತಿ ಎಣಿಸಿದ.

“ಏನಾಯ್ತು ಮೇಸ್ತ್ರಿ?” ಎಂದರು ಎಂಜಿನಿಯರು.

“ಇದು ಮೂವತ್ತಲ್ಲ. ಇಪ್ಪತ್ತೆರಡು” ಎಂದ ಅಪ್ಪ.

“ಫಲಕದಲ್ಲಿ ಮೂವತ್ತಿದೆಯಲ್ಲ?”

“ಮೂವತ್ತು ಕುದುರೆ ಸಾಮಿ. ಕುದುರೆ. ಕಿಲೋವ್ಯಾಟಲ್ಲ.”

ನಾನು ಚಿಕ್ಕವಳಿದ್ದಾಗ, ಮಗ್ಗಿಗಿಂತ ಮೊದಲು ಅವನು ನನಗೆ ಬಾಯಿಪಾಠ ಮಾಡಿಸಿದ್ದು ಇದನ್ನೇ. “ಕುದುರೇನ ಮುಕ್ಕಾಲು ಮಾಡಿದ್ರೆ ಕಿಲೋವ್ಯಾಟು. ಕಿಲೋವ್ಯಾಟಿಗೆ ಮೂರರಲ್ಲೊಂದು ಪಾಲು ಕೂಡಿಸಿದ್ರೆ ಕುದುರೆ.” ಅಂದಾಜು ಲೆಕ್ಕಕ್ಕೆ ಇಷ್ಟು ಸಾಕು. ಸರಿಯಾದ ಲೆಕ್ಕ ಬೇಕೆಂದರೆ ನಮ್ಮ ಕಡೆಯ ಒಂದು ಕುದುರೆಗೆ ಏಳುನೂರ ಮೂವತ್ತೈದೂವರೆ ವ್ಯಾಟು. ಇಂಗ್ಲಿಷರದಕ್ಕೆ ಏಳುನೂರ ನಲವತ್ತಾರು. ಹತ್ತು ವ್ಯಾಟು ಯಾಕೆ ಹೆಚ್ಚು ಎಂದು ಕೇಳಿದರೆ, “ಅವರ ಕುದುರೆಗೆ ಬೆಳಿಗ್ಗೆ ಟೀ ಕೊಡ್ತಾರಲ್ಲ, ಅದಕ್ಕೆ” ಎಂದು ನಗುತ್ತಿದ್ದ. ಸಂಖ್ಯೆಯ ಪಕ್ಕ ಅದು ಏನೆಂದು ಬರೆಯದಿದ್ದರೆ ಕೈಗೆ ಏಟು ಬೀಳುತ್ತಿತ್ತು. “ಮೂವತ್ತು ಅಂದ್ರೆ ಏನು? ಮೂವತ್ತು ಮೊಟ್ಟೆನಾ?” ಅನ್ನುತ್ತಿದ್ದ. ಅಂಥ ಮನುಷ್ಯ, ತಾಸಾ, ಪಂಪ್‌ಮನೆಯ ಒದ್ದೆ ನೆಲದ ಮೇಲೆ ಕೂತು ಎಂಜಿನಿಯರಿಗೆ ಹೇಳಿದ, “ಫಲಕ ಬದಲಿಸಿದ್ದು ನಾನೇ. ಹೊಸದಕ್ಕೆ ಅಕ್ಷರ ಬಡಿದಿದ್ದೂ ನಾನೇ. ನನಗೆ ಕಣ್ಣು ಕಾಣಲ್ಲ. ಬರ್ಕೊಳ್ಳಿ.” ಕೊನೆಯ ಆ ಮಾತು ಅವನ ಬಾಯಿಂದ ಹೊರಡಿಸಲು ಐದು ವರ್ಷ ನಮ್ಮಿಂದ ಆಗಿರಲಿಲ್ಲ.

ಆಮೇಲಿನದೆಲ್ಲ ಎಂಜಿನಿಯರು ಪೆನ್ಸಿಲ್ಲಿನಲ್ಲಿ ಒಂದು ಹಾಳೆಯ ಮೇಲೆ ಮಾಡಿ ತೋರಿಸಿದರು. ಮೂವತ್ತು ಕುದುರೆ ಅಂದರೆ ಇಪ್ಪತ್ತೆರಡು ಕಿಲೋವ್ಯಾಟು. ನದಿ ಏರಿದಾಗ ಪಂಪು ಕೇಳುವುದು ಮೂವತ್ತು ಕಿಲೋವ್ಯಾಟು, ಅಂದರೆ ನಲವತ್ತೊಂದು ಕುದುರೆ. ಹನ್ನೊಂದು ಕುದುರೆ ಕಡಿಮೆ. ಚಳಿಗಾಲವೆಲ್ಲ ನದಿ ತಗ್ಗಿನಲ್ಲಿತ್ತು, ಪಂಪಿಗೆ ಭಾರವಿರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಮಾರ್ಚಿನಲ್ಲಿ ನದಿ ಏರಿತು. ಇಲ್ಲದ ಹನ್ನೊಂದು ಕುದುರೆಗಳ ಕೆಲಸವನ್ನು ಇದ್ದ ಮೂವತ್ತೇ ಎರಡು ದಿನ ಎಳೆದವು. ಈ ಮೋಟಾರಿಗೆ ನಲವತ್ಮೂರು ಆಂಪಿಯರ್ ದಾಟಿದರೆ ಅಪಾಯ, ರಿಲೇ ಮಾತ್ರ ಐವತ್ತೇಳರವರೆಗೆ ಸುಮ್ಮನಿರಬೇಕೆಂದು ನೀನು ಇಟ್ಟಿದ್ದೆ. ಫಲಕ ನಂಬಿ ಇಟ್ಟಿದ್ದೆ. ಯಾರು ಇಟ್ಟಿದ್ದರೂ ಹಾಗೇ ಇಡುತ್ತಿದ್ದರು ಎಂದು ಎಂಜಿನಿಯರು ತಮ್ಮ ವರದಿಯಲ್ಲಿ ಬರೆಯುತ್ತಾರಂತೆ. ಇಪ್ಪತ್ತೈದು ನಿಮಿಷ ನೀನು ಅಲ್ಲೇ ನಿಂತಿದ್ದರೂ ಅದು ಸುಡುತ್ತಿತ್ತು ಎಂದೂ ಹೇಳಿದರು. ಇದನ್ನು ಕೇಳಿ ನಿನಗೆ ಸ್ವಲ್ಪ ನಿದ್ದೆ ಬರಲಿ ಎಂದು ಬರೆಯುತ್ತಿದ್ದೇನೆ. ನನಗೇನೋ ಬರಲಿಲ್ಲ.

ಯಾಕೆಂದರೆ ಊರಿನ ಬಾಯಿ ಈಗ ಅಪ್ಪನ ಕಡೆ ತಿರುಗಿದೆ. ಇಲ್ಲಿಯವರೆಗೆ “ಕುಡಿದು ಮಲಗಿದ್ದ ತಾಸಾ” ಎನ್ನುತ್ತಿದ್ದವರು ಈಗ “ಕುರುಡು ಮೇಸ್ತ್ರಿ ಮುದುಕೀನ ಕೊಂದ” ಎನ್ನುತ್ತಾರೆ. ವಯಸ್ಸು ನೋಡಿ ಅವನನ್ನು ಒಳಗೆ ಹಾಕಿಲ್ಲ, ವಿಚಾರಣೆಗೆ ಕರೆದಾಗ ಬರಬೇಕೆಂದಿದ್ದಾರೆ. ವಕೀಲರು ಹೇಳುವ ಪ್ರಕಾರ ಎಪ್ಪತ್ನಾಲ್ಕು ವರ್ಷವಾದರೂ ಶಿಕ್ಷೆ ತಪ್ಪುವುದಿಲ್ಲ. ಅವನು ನಮ್ಮ ಮನೆಗೇ ಬಂದಿದ್ದಾನೆ, ನಿನ್ನ ಮಂಚದ ಮೇಲೆ ಮಲಗುತ್ತಾನೆ. ಕಾರ್ಖಾನೆಯ ಕದ ಹಾಕಿ ಬೀಗದ ಕೈಯನ್ನು ನನ್ನ ಕೈಗಿತ್ತ. ಅಳುವುದಿಲ್ಲ, ಬಯ್ಯುವುದಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು ಬೆರಳಿನಿಂದ ಸುತ್ತುತ್ತಾ ಇರುತ್ತಾನೆ. ನಿನ್ನೆ ಕೇಳಿದ, “ಈಲ್ಕಾಗೆ ಎಷ್ಟು ವಯಸ್ಸಾಗಿತ್ತು?” ಎಂಬತ್ತೊಂದು ಅಂದೆ. ತಟ್ಟೆ ಪಕ್ಕಕ್ಕೆ ಸರಿಸಿ, “ನನ್ನ ಮದುವೇಲಿ ಕುಣಿದಿದ್ಲು” ಅಂದ. ಅಷ್ಟೇ.

ನನಗೆ ಯಾವ ದಾರಿಯೂ ಕಾಣುತ್ತಿಲ್ಲ ತಾಸಾ. ನೀನು ಹೊರಗೆ ಬಂದರೆ ಅವನು ಒಳಗೆ. ಅವನು ಉಳಿದರೆ ನೀನು ಅಲ್ಲೇ. ತಕ್ಕಡಿಯ ಎರಡು ತಟ್ಟೆಯಲ್ಲೂ ನನ್ನವರೇ ಕೂತಿದ್ದಾರೆ. ದೇವರ ಪಟದ ಮುಂದೆ ದೀಪ ಹಚ್ಚುತ್ತೇನೆ, ಏನು ಬೇಡಬೇಕೆಂದು ತಿಳಿಯದೆ ಆರಿಸುತ್ತೇನೆ. ಇಬ್ಬರೂ ಉಳಿದುಬಿಟ್ಟರೂ ಆಂದ್ರಾಶನ ಬೀದಿಯಲ್ಲಿ ನಾವು ಹೇಗೆ ನಡೆಯುವುದು?

ಇರಲಿ. ಅಪ್ಪ ನಿನ್ನ ಮೇಲೆ ಯಾವ ಮುನಿಸೂ ಇಟ್ಟುಕೊಂಡಿಲ್ಲ, ನಿನ್ನ ಕ್ಷೇಮ ಕೇಳಿದ್ದಾನೆ. ನಿನ್ನ ಅಕ್ಕ ಶುಕ್ರವಾರ ಬಟ್ಟೆ ತರುತ್ತಾಳೆ. ಸೋಫ್ಕಾ ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ ಜಾಗದಿಂದ ಗಾಳಿ ಹೋಗುವ ಮುತ್ತು. ಮೈ ಬೆಚ್ಚಗಿಟ್ಟುಕೋ, ಸಿಕ್ಕಿದ್ದನ್ನು ತಿನ್ನು, ಯಾರೊಂದಿಗೂ ಜಗಳಕ್ಕೆ ಹೋಗಬೇಡ. ಮೇಲಿರುವವನ ಕಣ್ಣು ನಿನ್ನ ಮೇಲಿರಲಿ.

ನಿನ್ನವಳೇ ಆದ
ರಾದಿಂಕಾ

ಮತ್ತೆ: ಗುರುವಾರ ಬೆಳಿಗ್ಗೆ. ಪಟ್ಟಣದ ನ್ಯಾಯಾಲಯದ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡ. ನಿನ್ನೆ ಬರೆದದ್ದನ್ನು ಬಸ್ಸಿನಲ್ಲಿ ಓದಿಕೊಂಡೆ. ನಾಚಿಕೆಯಾಯಿತು. ಹರಿದು ಬೇರೆ ಬರೆಯಲು ಹೊತ್ತಿಲ್ಲ. ಫಲಕದ ಅಕ್ಷರ ಬಡಿದವನು ಅಪ್ಪ ಅಲ್ಲ. ಆ ವಾರ ಬಿಸಿ ವಾರ್ನಿಷು ಚೆಲ್ಲಿ ಅವನ ಎರಡೂ ಕೈಗೆ ಬಟ್ಟೆ ಕಟ್ಟಿತ್ತು, ಮುಟ್ಟಿ ನೋಡಲೂ ಆಗುತ್ತಿರಲಿಲ್ಲ. ನಿನಗೆ ನೆನಪಿರಲೇಬೇಕು. ತಂತಿ ಸುತ್ತಿದವಳು ನಾನು, ಫಲಕ ಬಡಿದವಳೂ ನಾನು. ನಿನಗೂ ಅವನಿಗೂ ಇಷ್ಟು ಗೊತ್ತಿದೆ, ಇಬ್ಬರೂ ನನ್ನ ಹೆಸರು ಎತ್ತದೆ ಬಾಯಿ ಮುಚ್ಚಿಕೊಂಡಿದ್ದೀರಿ. ಆದರೆ ಇಬ್ಬರಿಗೂ ಗೊತ್ತಿಲ್ಲದ್ದು ಒಂದಿದೆ. ಹಳೆಯ ಫಲಕದ ಮೇಲಿನ ಹಸಿರು ಬಣ್ಣವನ್ನು ನಾನು ಪೆಟ್ರೋಲಿನಿಂದ ಒರೆಸಿದಾಗ ಮೂವತ್ತು ಕುದುರೆ ಎಂದು ಸ್ಪಷ್ಟವಾಗಿ ಕಂಡಿತು. ಅಪ್ಪ ಹೊರಗಿನಿಂದ ಕೂಗಿ ಕೇಳಿದ, “ಮೂವತ್ತು ಏನು ಮಗಳೇ?” ಕಿಟಕಿಯಿಂದ ನೋಡಿದೆ. ಹಿಪ್ಪುನೇರಳೆ ಮರದ ಕೆಳಗೆ ನೀನು ಪ್ಲಮ್ ಸಾರಾಯಿಯ ಲೋಟವನ್ನು ಅವನ ಬಾಯಿಗೆ ಹಿಡಿದಿದ್ದೆ, ಅವನು ನಗುತ್ತಾ ಕುಡಿಯುತ್ತಿದ್ದ, ಗಡ್ಡದ ಮೇಲೆ ಸುರಿದದ್ದನ್ನು ನೀನು ನಿನ್ನ ಅಂಗಿಯ ತೋಳಿನಿಂದ ಒರೆಸಿದೆ. ಕುದುರೆ ಎಂದು ನಾನು ಹೇಳಿದ್ದರೆ ಕುರುಡ ನಿನ್ನ ಕಣ್ಣಲ್ಲಿ ಮತ್ತೆ ಕುರುಡನಾಗುತ್ತಿದ್ದ. ನೀವಿಬ್ಬರೂ ಮತ್ತೆ ಎರಡು ಮೇಜು. ಪಂಪಿಗೆ ಪೂರ್ತಿ ಭಾರ ಬೀಳುವುದು ಯಾವಾಗಲೋ ಒಮ್ಮೆ, ಅಷ್ಟರಲ್ಲಿ ಹೊಸದು ಬರುತ್ತದೆ ಎಂದುಕೊಂಡೆ. “ಕಿಲೋವ್ಯಾಟು ಅಪ್ಪ” ಎಂದು ಕೂಗಿ ಹೇಳಿದೆ. ನೀರು ಏರುತ್ತಿದ್ದ ಆ ಎರಡು ದಿನವೂ ನನಗೆ ಗೊತ್ತಿತ್ತು ತಾಸಾ. ನೀನು ಸೂಪು ಕುಡಿಯುತ್ತಾ ಮೋಟಾರಿನ ಮೈ ಸುಡುತ್ತಿದೆ ಅಂದಾಗಲೂ ಗೊತ್ತಿತ್ತು. ರಿಲೇ ಇಳಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೊಂದು ಚಮಚ ಸೂಪು ಹಾಕಿದೆ. ಹಳೆಯ ಫಲಕವನ್ನು ಎಸೆಯಲು ಮನಸ್ಸಾಗಿರಲಿಲ್ಲ, ಈಗ ಕರವಸ್ತ್ರದಲ್ಲಿ ಸುತ್ತಿ ತಂದಿದ್ದೇನೆ, ಒಳಗೆ ಕರೆದ ತಕ್ಷಣ ನ್ಯಾಯಾಧೀಶರ ಮುಂದೆ ಇಡುತ್ತೇನೆ. ನೀನು ನನಗಾಗಿ ಒಂದು ಸುಳ್ಳನ್ನೂ ಹೇಳಕೂಡದು. ನಿನ್ನನ್ನು ಬಿಟ್ಟರೆ ಮೊದಲು ಸೋಫ್ಕಾಳ ಹತ್ತಿರ ಹೋಗು, ಆಮೇಲೆ ಅಪ್ಪನ ಹತ್ತಿರ. ಅವನಿಗೆ ನಾನು ಹೇಳಿಲ್ಲ. ಸಾಬೂನು ತರಲು ಪಟ್ಟಣಕ್ಕೆ ಹೋಗುತ್ತಿದ್ದೇನೆ ಎಂದು ಹೊರಟೆ. “ನಿಧಾನವಾಗಿ ಬಾ ಮಗಳೇ, ನಾನೆಲ್ಲಿಗೆ ಹೋಗ್ತೀನಿ” ಅಂದ.